ಮಾವ ಮನೆಗೆ ತಂದ ಉಪ್ಪುನೀರು

ಮಾವನ ಮೂಗು ಎಡಕ್ಕೆ ವಾಲಿತ್ತು. ಹರೆಯದಲ್ಲಿ ಕಬಡ್ಡಿ ಆಡುವಾಗ ಯಾರೋ ಮಂಡಿ ಕೊಟ್ಟು ಮುರಿದದ್ದು. ಮುರಿದವನಿಗೆ ಆಮೇಲೆ ಬಾಯಲ್ಲಿ ಹಲ್ಲು ಕಡಿಮೆಯಾದವು ಎಂದು ಮಾವನೇ ಹೆಮ್ಮೆಯಿಂದ ಹೇಳುತ್ತಿದ್ದ. ಬೇರೆಯವರಿಗೆ ಕೋಪ ಮೂಗಿನ ತುದಿಯಲ್ಲಿರುತ್ತದೆ. ಇವನ ಮೂಗೇ ಸೊಟ್ಟಗಿದ್ದುದರಿಂದ ಅದು ಅಲ್ಲಿ ನಿಲ್ಲದೆ ಜಾರಿ ನೇರವಾಗಿ ಕೈಗೆ ಬರುತ್ತಿತ್ತು. ನನ್ನ ಅಮ್ಮನ ಒಬ್ಬನೇ ತಮ್ಮ ಅವನು, ಬೀಚನಹಳ್ಳಿ ಕಡೆಯ ಒಂದು ರೆಸಾರ್ಟಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ. ಊರಿನಲ್ಲಿ ಅವನ ಏಟಿನ ರುಚಿ ನೋಡದವರು ಕಡಿಮೆ. ಎಲ್ಲರಿಗಿಂತ ಹೆಚ್ಚು ತಿಂದವಳು ಅವನ ಹೆಂಡತಿ, ನಮ್ಮ ಅತ್ತೆ. ಅದನ್ನು ಮುಚ್ಚಿಟ್ಟು ಅವನನ್ನು ಹೊಗಳಲು ನನಗೆ ಬಾಯಿ ಬರುವುದಿಲ್ಲ.

ಭೇರ್ಯದ ಕಡೆಯ ಗಂಡನ ಮನೆಯಿಂದ ಒಡೆದ ತುಟಿ ಹೊತ್ತು ನಾನು ಓಡಿಬಂದದ್ದು ಇಂಥವನ ಮನೆಗೆ. ಅಪ್ಪ ಅಮ್ಮ ಇರಲಿಲ್ಲ, ತಟ್ಟುವುದಕ್ಕೆ ಬೇರೆ ಬಾಗಿಲೂ ಇರಲಿಲ್ಲ. ಮಾವ ನನ್ನ ಮುಖವನ್ನು ಒಮ್ಮೆ ನೋಡಿದ.

"ಉಂಡ್ಯಾ?" ಎಂದ.

"ಇಲ್ಲ ಮಾವ."

"ಓಗು, ಉಣ್ಣೋಗು. ಇನ್ಮ್ಯಾಕೆ ಆ ಮನೆ ತಾವ ಕಾಲಿಕ್ಕಬ್ಯಾಡ." ಅಷ್ಟೇ ಮಾತು. ಯಾಕೆ, ಏನು ಎಂದು ಆಮೇಲೂ ಕೇಳಲಿಲ್ಲ.

ಆ ವಾರವೇ ತೊಟ್ಟಿ ಬಂತು. ರೆಸಾರ್ಟಿನ ದೊಡ್ಡ ಹಜಾರವನ್ನು ಕೆಡವಿ ಹೊಸದಾಗಿ ಕಟ್ಟುವವರಿದ್ದರು. ಅಲ್ಲಿದ್ದ ಉಪ್ಪುನೀರಿನ ಅಕ್ವೇರಿಯಂ ಅವರಿಗೆ ಬೇಡವಾಗಿತ್ತು. ಅದರ ದೀಪ, ಪಂಪು ನೋಡಿಕೊಳ್ಳುತ್ತಾ ಆ ಮೀನುಗಳನ್ನು ಸಾಕಿದ್ದವನು ಮಾವ. ಮೀನುಗಳನ್ನು ಚರಂಡಿಗೆ ಚೆಲ್ಲಿ ಎಂದ ಮ್ಯಾನೇಜರನ ಕಾಲರ್ ಹಿಡಿದು, ಎಲ್ಲವನ್ನೂ ಮನೆಗೆ ತಂದುಬಿಟ್ಟ. ಎರಡು ಮಂಚ ಜೋಡಿಸಿದಷ್ಟು ಉದ್ದದ ಗಾಜಿನ ತೊಟ್ಟಿ ಹುಲ್ಲಿನ ಮೇಲೆ ಮಲಗಿಕೊಂಡು ಟ್ರ್ಯಾಕ್ಟರಿನಲ್ಲಿ ಬಂತು. ಹಿಂದೆ ಡ್ರಮ್ಮುಗಳಲ್ಲಿ ಮೀನು, ಟಬ್ಬುಗಳಲ್ಲಿ ಪಾಚಿ ಹಿಡಿದ ಸಮುದ್ರದ ಕಲ್ಲು. ಊರಿಗೆ ಊರೇ ನೋಡಲು ಬಂತು. ಫಿಲ್ಟರ್ ನೀರಿಗೆ ಪ್ಯಾಕೆಟ್ ಉಪ್ಪು ಬೆರೆಸುತ್ತಿದ್ದ ಮಾವನನ್ನು ಪಕ್ಕದ ಮನೆಯ ಅಜ್ಜ ಕೇಳಿದ: "ಅಲ್ಲ ಕಣ್ಲಾ, ಉಪ್ಪು ಅಂಗೇ ಖಾರಾನೂ ಒಸಿ ಹಾಕ್ಬುಟ್ರೆ ಸಾರೇ ಆಯ್ತದಲ್ಲಾ?" ಅಜ್ಜನ ವಯಸ್ಸು ಅವನನ್ನು ಕಾಪಾಡಿತು.

ಮೀನುಗಳಲ್ಲಿ ಟ್ರಿಗರ್ ಎಂಬುದೊಂದಿತ್ತು. ಅಂಗೈಗಿಂತ ದೊಡ್ಡದು, ಬಾಯಲ್ಲಿ ಮೊಲದ ಹಲ್ಲು. ಹೊಸ ಜಾಗಕ್ಕೆ ಬಿಟ್ಟದ್ದೇ ತಡ, ಒಂದು ಹಳದಿ ಮೀನಿನ ಬಾಲವನ್ನು ಹರಿದು ಚಿಂದಿ ಮಾಡಿತು. ಬಿಡಿಸಲು ಹೋದ ಮಾವನ ಬೆರಳನ್ನೂ ಕಚ್ಚಿತು. ನೀರಿನಲ್ಲಿ ರಕ್ತ ಎಳೆಎಳೆಯಾಗಿ ಹರಡುತ್ತಿದ್ದರೆ ಮಾವ ಗಹಗಹಿಸಿ ನಗುತ್ತಿದ್ದ.

"ನಮ್ ವಂಸ್ದೋನೇ ಕಣವ್ವ ಇವ್ನು! ಜಾಗ ಬದ್ಲಾದ್ರೆ ಮೀನ್ಗೂ ತಲೆ ಕೆಡ್ತದೆ. ತನ್ದೇ ಒಂದು ತಾವು ಸಿಕ್ಕಗಂಟ ಕಚ್ಚಾಡ್ತದೆ."

ಆದರೆ ತೊಟ್ಟಿ ನೆಲೆಗೊಳ್ಳಲಿಲ್ಲ. ಕೆಲವೇ ದಿನಗಳಲ್ಲಿ ನೀರು ಅಕ್ಕಿ ತೊಳೆದ ನೀರಿನಂತೆ ಕದಡಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು, ಹಳದಿ ಮೀನು ಸತ್ತು ತೇಲಿತು. ಮಾವ ಮೈಸೂರಿನ ಮೀನಿನ ಅಂಗಡಿಗೆ ಫೋನ್ ಮಾಡಿದ. ಅವರು ಕೇಳಿದ್ದು ಒಂದೇ ಪ್ರಶ್ನೆ: ಕಲ್ಲು ತೊಳೆದಿರಾ?

ಅತ್ತೆ ತೊಳೆದಿದ್ದಳು. ದೇವರ ಮನೆಯ ಎದುರಿಗೇ ಇಡುವ ವಸ್ತು, ನಾತ ಹೊಡೆಯುವ ಕಲ್ಲು, ಹಾಗೇ ಒಳಗೆ ತರುವುದುಂಟೇ? ಸೀಗೆಪುಡಿ ಹಾಕಿ, ತೆಂಗಿನ ನಾರಿನಲ್ಲಿ ಉಜ್ಜಿ, ಬೋರ್‌ವೆಲ್ ನೀರಲ್ಲಿ ಜಾಲಿಸಿ, ಬಿಸಿಲಿಗಿಟ್ಟು, ಒಂದೊಂದಕ್ಕೂ ಕುಂಕುಮದ ಬೊಟ್ಟಿಟ್ಟು ಒಳಗೆ ಕಳಿಸಿದ್ದಳು. ಮೀನಿನ ಹೊಲಸನ್ನು ಕರಗಿಸುವ ಕಣ್ಣಿಗೆ ಕಾಣದ ಜೀವಗಳೆಲ್ಲ ಆ ಕಲ್ಲುಗಳಲ್ಲೇ ಇದ್ದವಂತೆ. ಅವೆಲ್ಲ ಸತ್ತಿದ್ದವು.

"ನಾನೇ ಕಣ್ರೀ ತೊಳ್ದಿದ್ದು. ಸುದ್ದ ಆಗ್ಲಿ ಅಂತ," ಎಂದಳು.

ಸತ್ತ ಮೀನು ಎತ್ತುವ ಬಲೆಗೆ ಹಿಡಿಯಾಗಿದ್ದ ಉದ್ದನೆಯ ಪೈಪು ಮಾವನ ಕೈಯಲ್ಲೇ ಇತ್ತು. ಮೊದಲನೇ ಏಟು ಅವಳ ಬೆನ್ನಿಗೆ ಬಿತ್ತು. ಎರಡನೆಯದು ಅಡ್ಡ ಹೋದ ನನ್ನ ಭುಜಕ್ಕೆ. ನೋವಿಗಿಂತ ಹೆಚ್ಚಾಗಿ ನನಗೆ ಅಸಹ್ಯವಾಯಿತು.

"ಹೊಡಿ ಮಾವ! ಅಲ್ಲಿ ತಿಂದಿದ್ದು ಸಾಲ್ದು ಅಂತ ಇಲ್ಲಿಗೆ ಬಂದೆ ನಾನು!"

ಪೈಪು ಅರ್ಧದಲ್ಲಿ ನಿಂತಿತು. ಅದನ್ನು ಮಂಡಿಗೆ ಕೊಟ್ಟು ಮುರಿದು ಅಂಗಳಕ್ಕೆ ಎಸೆದು ಹೊರಗೆ ಹೋದ. ಅಂದಿನಿಂದ ಅವನು ಒಳ್ಳೆಯವನಾದ ಎಂದು ಬರೆಯಲು ನನಗೂ ಆಸೆ. ಆಗಲಿಲ್ಲ. ಕೈ ಎತ್ತಿದಾಗ ನನ್ನ ಕಡೆ ನೋಡಿ ಕೆಲವೊಮ್ಮೆ ಇಳಿಸುತ್ತಿದ್ದ, ಅಷ್ಟೇ.

ಹಳೆಯ ಫಿಲ್ಟರಿನ ಸ್ಪಂಜೊಂದು ತೊಳೆಯದೆ ಉಳಿದಿತ್ತು, ಆ ಜೀವಗಳು ಅದರಲ್ಲಿ ಇನ್ನೂ ಇದ್ದವಂತೆ. ಅಂಗಡಿಯವರು ಹೇಳಿದಂತೆ ಅದನ್ನೇ ತೊಟ್ಟಿಗೆ ಹಾಕಿ, ದಿನವೂ ಅಷ್ಟಿಷ್ಟು ನೀರು ಬದಲಿಸಿದೆವು. "ಅಯ್ಯೋ, ಹೆಪ್ಪು ಹಾಕ್ದಂಗೆ ಅನ್ನಿ! ಮೊದ್ಲೇ ಹೇಳಿದ್ರೆ ನಾನ್ಯಾಕೆ ತೊಳೀತಿದ್ದೆ?" ಎಂದು ಅತ್ತೆ ಗಂಡನಿಗೇ ದಬಾಯಿಸಿದಳು. ನಿಧಾನವಾಗಿ ನೀರು ತಿಳಿಯಾಯಿತು. ಟ್ರಿಗರ್ ಒಂದು ಕಲ್ಲಿನ ಸಂದನ್ನು ತನ್ನದಾಗಿಸಿಕೊಂಡಿತು. ಮಾವ ಕೆಲಸದಿಂದ ಬಂದವನೇ ತೊಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದ. ಆ ಹೊತ್ತಿನಲ್ಲಿ ಮಾತ್ರ ಮನೆಯಲ್ಲಿ ಯಾರಿಗೂ ಭಯವಿರುತ್ತಿರಲಿಲ್ಲ.

ನನ್ನ ಗಂಡ ಬಂದದ್ದು ಒಂದು ಭಾನುವಾರ ಮಧ್ಯಾಹ್ನ, ತನ್ನ ಅಣ್ಣನನ್ನೂ ಕರೆದುಕೊಂಡು. ಕುಡಿದಿದ್ದ. ನನ್ನ ಜಡೆ ಹಿಡಿದು ಬಾಗಿಲವರೆಗೆ ಎಳೆದ. ಮಾವ ಅಡ್ಡ ನಿಂತಾಗ ಜಡೆ ಬಿಟ್ಟು, ಮೂಲೆಯಲ್ಲಿದ್ದ ಒರಳುಕಲ್ಲಿನ ಗುಂಡನ್ನು ತೊಟ್ಟಿಯ ಮುಂದೆ ಎತ್ತಿ ಹಿಡಿದ. ಆ ಮೀನು ಮಾವನ ಜೀವ ಎಂಬುದು ನೆಂಟರಿಗೆಲ್ಲ ಗೊತ್ತಿದ್ದ ವಿಷಯ.

"ನನ್ ಎಂಡ್ರುನ್ನ ಕಳ್ಸು. ಇಲ್ದಿದ್ರೆ ಇದ್ನ ಪುಡಿ ಮಾಡ್ತೀನಿ."

ಮಾವ ತೊಟ್ಟಿಯ ಕಡೆ ನೋಡಿದ. ಆ ಒಂದು ಕ್ಷಣ ನನಗೆ ನಂಬಿಕೆಯಿರಲಿಲ್ಲ. ಹೆಂಡತಿಯ ಬೆನ್ನಿಗಿಂತ ಆ ಕಲ್ಲುಗಳು ಅವನಿಗೆ ಹೆಚ್ಚಾಗಿದ್ದುದನ್ನು ಕಣ್ಣಾರೆ ಕಂಡವಳು ನಾನು. ನನ್ನನ್ನು ಕೊಟ್ಟುಬಿಡುತ್ತಾನೆ ಅಂದುಕೊಂಡೆ.

"ಎತ್ತಾಕ್ಲಾ," ಎಂದ ಮಾವ. "ಅವ್ಳು ಬರಾಕಿಲ್ಲ."

ಗಾಜು ಸಿಡಿಯಿತು. ಉಪ್ಪುನೀರು ಗೋಡೆಯಂತೆ ಕವಿದು ನನ್ನ ಗಂಡನನ್ನೇ ಕೆಡವಿತು, ಗಾಜಿನ ಚೂರು ಅವನ ತೊಡೆ ಸೀಳಿತು. ಮಾವ ಅವನ ಎದೆಯ ಮೇಲೆ ಕೂತು ಮುಖಕ್ಕೆ ಗುದ್ದತೊಡಗಿದ. ಬಿಡಿಸಲು ಬಂದ ಅಣ್ಣನನ್ನು ಒದ್ದ ರಭಸಕ್ಕೆ ಅವನು ಹೊಸ್ತಿಲಾಚೆ ಹೋಗಿ ಬಿದ್ದ. ನೀರು ಕೆಂಪಾಯಿತು. ನಾನೂ ಅತ್ತೆಯೂ ಜೋತುಬಿದ್ದು ಎಳೆಯದಿದ್ದರೆ ಅಂದು ಕೊಲೆಯೇ ಆಗುತ್ತಿತ್ತು. ಸುತ್ತಲೂ ಮೀನುಗಳು ನೆಲಕ್ಕೆ ಬಡಿದುಕೊಂಡು ಸತ್ತವು. ಟ್ರಿಗರ್ ಎಲ್ಲಕ್ಕಿಂತ ಕೊನೆಗೆ, ಹಲ್ಲು ಕಟಕಟಿಸುತ್ತಾ ಸತ್ತಿತು. ಮಾವ ಆ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಸ್ಟೇಷನ್ನು, ನ್ಯಾಯ ಪಂಚಾಯಿತಿ ಎಲ್ಲ ನಡೆಯಿತು. ಹೊಂದಿಕೊಂಡು ಹೋಗವ್ವ ಎಂದು ಹಿರಿಯರು ಬುದ್ಧಿ ಹೇಳಿದಾಗ ಮಾವ ಎದ್ದು ನಿಂತು ಟವೆಲ್ ಒದರಿದ. ಹಿರಿಯರು ಮಾತು ಬದಲಿಸಿದರು. ನಾನು ಹುಣಸೂರಿನಲ್ಲಿ ಹೊಲಿಗೆ ಕಲಿತೆ, ಅಲ್ಲೇ ಅಂಗಡಿ ಹಾಕಿದೆ. ಇಂದು ನನ್ನ ಮನೆಗೆ ನಾನೇ ಬೀಗ ಹಾಕುತ್ತೇನೆ, ನಾನೇ ತೆಗೆಯುತ್ತೇನೆ.

ಹೋದ ವರ್ಷ ನಾಲೆಯ ನೀರಿನ ವಿಷಯಕ್ಕೆ ಯಾರಿಗೋ ಬೈಯುತ್ತಿದ್ದ ಮಾವ ಎದೆ ಹಿಡಿದುಕೊಂಡು ಗದ್ದೆಯಲ್ಲೇ ಕುಸಿದ. ನಾನು ಹೋಗುವ ಹೊತ್ತಿಗೆ ಅವನನ್ನು ಜಗುಲಿಯ ಮೇಲೆ ಮಲಗಿಸಿದ್ದರು. ಅತ್ತೆ ಒಣಗಿದ ಕಣ್ಣುಗಳಲ್ಲಿ ಕಂಬಕ್ಕೊರಗಿ ಕೂತಿದ್ದಳು. ಸುತ್ತಲಿನ ಹೆಂಗಸರು, ಅತ್ತು ಹಗುರ ಮಾಡ್ಕೊ ಎಂದು ಗೋಗರೆಯುತ್ತಿದ್ದರು. ನನ್ನನ್ನು ಕಂಡವಳೇ ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು.

"ನಿನ್ನ ಕಾಪಾಡ್ದೋನ್ಗೆ ನೀನ್ ಅಳವ್ವ," ಎಂದಳು. "ನನ್ನ ಹೊಡ್ದೋನ್ಗೆ ನಾನ್ ಅಳಾಕಿಲ್ಲ."

ಅವಳ ಮಾತು ನ್ಯಾಯವಾಗಿತ್ತು. ಅವಳ ತೊಡೆಯ ಮೇಲೆ ತಲೆಯಿಟ್ಟು ನಾನು ಮಾವನಿಗಾಗಿ ಅತ್ತುಬಿಟ್ಟೆ.