ಇನ್ನೊಂದು ನುಡಿ

ಕೊಳಕೂರಿನ ಭಜನೆಯಲ್ಲಿ ನಾನು ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದೆ, ಆಕೆ ತತ್ವಪದ ಹಾಡುತ್ತಿದ್ದಳು. ಹಾಡುವಾಗ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿರುತ್ತಿದ್ದಳು. ದನಿ ಒರಟು, ಒಣಗಿದ ಜೋಳದ ಕಣಿಕೆಯ ಮೇಲೆ ಗಾಳಿ ಹಾಯ್ದಂತೆ.

"ಹೆಣ್ಣಮಗಳ ದನಿ ಹಿಂಗಿರ್ತದೇನು?" ಎನ್ನುತ್ತಾ ಭಜನೆ ನಡೆಸುವ ಗೌಡರು ಹಾಡಿನ ನಡುವೆಯೇ ಕೈ ಎತ್ತುತ್ತಿದ್ದರು. ಅವರು ಕೈ ಎತ್ತಿದರೆ ನಾನು ಪೇಟಿ ನಿಲ್ಲಿಸಬೇಕು. ನಿಲ್ಲಿಸುತ್ತಿದ್ದೆ.

"ಇನ್ನೊಂದು ನುಡಿ ಅದರೀ," ಎನ್ನುತ್ತಿದ್ದಳು ಆಕೆ. ಗೌಡರಿಗಲ್ಲ, ನನಗೆ.

ಆಕೆ ಸತ್ತ ಮೇಲೆ, ಅಫಜಲಪುರದ ಸ್ಟುಡಿಯೋದವನು ಹಿಂದೆ ಹಾಡಿಸಿ ಇಟ್ಟುಕೊಂಡಿದ್ದ ಅವಳ ಎಂಟು ಪದಗಳನ್ನು ಆಲ್ಬಂ ಮಾಡಿ ಬಿಟ್ಟ. ವರ್ಷಗಳಾದರೂ ಜೇವರ್ಗಿಯಿಂದ ಆಳಂದದ ತನಕ ಚಹಾದಂಗಡಿ, ಟ್ರ್ಯಾಕ್ಟರ್, ಎಲ್ಲೆಡೆ ಅವೇ ಪದಗಳು. ಜನ ಆ ಒರಟು ದನಿಗೇ ಕಣ್ಣೊರೆಸಿಕೊಳ್ಳುತ್ತಾರೆ.

"ನಮ್ಮ ಭಜನಿಯೊಳಗೇ ಬೆಳದಾಕಿ," ಎನ್ನುತ್ತಾರೆ ಗೌಡರು. ಅವರ ಮೊಬೈಲಿನ ರಿಂಗ್‌ಟೋನ್ ಕೂಡ ಆಕೆಯ ಪದವೇ.

ಕಳೆದ ಸೋಮವಾರ ಭಜನೆಗೆ ಕೂತಾಗ ಅದು ಮೊಳಗಿತು. ಎಲ್ಲರೂ ತಲೆದೂಗಿದರು. ಮೊದಲ ನುಡಿ ಮುಗಿಯುವ ಮುಂಚೆಯೇ ಗೌಡರು ಬೆರಳೊತ್ತಿ, "ಹಾಂ, ಹೇಳಪಾ," ಎಂದರು.

ಇನ್ನೊಂದು ನುಡಿ ಇದೆ ಎನ್ನಲು ಆಕೆ ಇರಲಿಲ್ಲ. ನಾನಿದ್ದೆ. ಪೇಟಿಯ ಧೂಳು ಒರೆಸಿದೆ.