ಬೋತಾನಳ ಮುಚ್ಚದ ಬಾಯಿ

ನಮ್ಮ ತೈನಾನ್ ಊರಿನ ಈ ಬೀದಿಯಲ್ಲಿ ಯಾರಾದರೂ ಕೊನೆಯುಸಿರು ಎಳೆಯುತ್ತಿದ್ದರೆ ಡಾಕ್ಟರಿಗಿಂತ ಮೊದಲು ಬೋತಾನಳಿಗೆ ಫೋನು ಹೋಗುತ್ತದೆ. ನಾವು ಐದಾರು ಮುದುಕಿಯರು ಹಾಸಿಗೆಯ ಸುತ್ತ ಕೂತು 'ಅಮಿತೋಫೋ' ಎಂದು ಬುದ್ಧನ ನಾಮ ಹೇಳುತ್ತೇವೆ, ಹೋಗುವವರು ಹೆದರದೆ ಹೋಗಲಿ ಎಂದು. ಹಾಡುವವಳು ಅವಳು, ಮೀನಿನ ಆಕಾರದ ಮರದ ವಾದ್ಯ ಬಡಿದು ತಾಳ ಹಾಕುವವಳು ನಾನು. ಅವಳ ಗಂಟಲೋ, ಅಬ್ಬಬ್ಬಾ! ಸಾಯುವವರೂ ಒಮ್ಮೆ ಕಣ್ಣು ಬಿಟ್ಟು ನೋಡಬೇಕು. ಉಳಿದ ಹೊತ್ತಿನಲ್ಲಿ ಅದೇ ಗಂಟಲಿನಿಂದ ನನ್ನ ಸೋಯಾ ಹಾಲಿನ ಅಂಗಡಿಯ ಮುಂದೆ ನಿಂತು, "ನೀರು ಜಾಸ್ತಿ, ನೀರು ಜಾಸ್ತಿ" ಎಂದು ಊರಿಗೆಲ್ಲ ಸಾರುತ್ತಾಳೆ.

ಹೋದ ವರ್ಷ ಅವಳ ಕುತ್ತಿಗೆಯಲ್ಲಿ ಒಂದು ಗಂಟು ಎದ್ದಿತು. ಪರೀಕ್ಷೆ ಮಾಡಿಸಿದರೆ ಕ್ಯಾನ್ಸರ್. ಅದು ಅಲ್ಲೇ ಹುಟ್ಟಿದ್ದಲ್ಲ, ಬೇರೆಲ್ಲಿಂದಲೋ ಬಂದು ಸೇರಿಕೊಂಡಿದ್ದು. ಹುಟ್ಟಿದ ಜಾಗ ಎಷ್ಟು ಹುಡುಕಿದರೂ ಸಿಗಲಿಲ್ಲ.

"ಎಲ್ಲಿ ಹುಟ್ಟಿದ್ದು ಅಂತ ಗೊತ್ತಾದ್ರೆ ಅಷ್ಟನ್ನೇ ತೆಗೀಬಹುದು ಅಜ್ಜಿ," ಎಂದರು ಡಾಕ್ಟರ್ ಕ್ವೇ. "ಇಲ್ದಿದ್ರೆ ಇಡೀ ಗಂಟಲಿಗೆ ಕರೆಂಟು, ಅಂದ್ರೆ ರೇಡಿಯೇಷನ್, ಕೊಡ್ಬೇಕಾಗುತ್ತೆ. ಆಮೇಲೆ ದನಿ ಹೀಗೇ ಇರುತ್ತೆ ಅಂತ ಹೇಳಕ್ಕಾಗಲ್ಲ."

ಪೆಟ್ ಸ್ಕ್ಯಾನ್‌ಗೆ ಬರೆದುಕೊಟ್ಟರು. ಮೊದಲು ರಕ್ತಕ್ಕೆ ಒಂದು ಬಗೆಯ ಸಕ್ಕರೆ ಚುಚ್ಚುತ್ತಾರೆ. ಕ್ಯಾನ್ಸರ್ ಹೊಟ್ಟೆಬಾಕ, ಸಕ್ಕರೆ ನುಂಗಿ ಚಿತ್ರದಲ್ಲಿ ಹೊಳೆಯುತ್ತದೆ. ಆದರೆ ದುಡಿಯುವ ಸ್ನಾಯುವೂ ಅದನ್ನೇ ನುಂಗುತ್ತದಂತೆ. ಅದಕ್ಕೇ ಚುಚ್ಚಿದ ಮೇಲೆ ಒಂದು ಗಂಟೆ ಮಾತಾಡದೆ ಒಬ್ಬಳೇ ಮಲಗಿರಬೇಕು.

ಚಿತ್ರ ಬಂತು. ನಾಲಿಗೆ, ಗಂಟಲು ಎಲ್ಲ ದೀಪದ ಹಬ್ಬದ ಬೀದಿಯ ಹಾಗೆ ಝಗಝಗ!

"ಅಜ್ಜಿ, ಮಾತಾಡಿದ್ರಾ?"

"ಅಯ್ಯೋ, ಒಂದಕ್ಷರ ಆಡಿಲ್ಲಪ್ಪ! ಮೆಲ್ಲಗೆ ನಾಮ ಹೇಳ್ಕೋತಾ ಇದ್ದೆ, ಅಷ್ಟೇ."

ಡಾಕ್ಟರು ತಲೆ ಹಿಡಿದುಕೊಂಡರು. ನನಗಂತೂ ಅದರಲ್ಲಿ ತಪ್ಪು ಕಾಣಲಿಲ್ಲ. ಬುದ್ಧನ ನಾಮವನ್ನು ನಮ್ಮಲ್ಲಿ ಯಾರಾದರೂ ಮಾತು ಎನ್ನುತ್ತಾರೆಯೇ? ಇನ್ನೊಮ್ಮೆ ಮಾಡೋಣ, ಈ ಸಲ ನಾಮವೂ ಬೇಡ ಎಂದರು ಡಾಕ್ಟರು.

ಬಸ್ಸಿನಲ್ಲಿ ಅವಳು ನನ್ನ ಮೊಣಕೈ ತಿವಿದಳು. "ಲಾನ್, ನನ್ನ ಬದಲು ನೀನು ಬಾಗಿಲ ಹೊರಗೆ ಕೂತು ಹೇಳೇ."

"ಥೂ, ಬಿಡ್ತು ಅನ್ನು! ಅದು ಹೋಗೋರಿಗೆ ಹೇಳೋದು. ನೀನೆಲ್ಲಿಗೆ ಹೊರಟಿದ್ದೀಯ?"

ಅವಳು ಜಗಳಕ್ಕೆ ಬರಲಿಲ್ಲ. ಕಿಟಕಿಯ ಕಡೆ ತಿರುಗಿ, "ಸುಮ್ನೆ ಮಲಗಿದ್ರೆ ಭಯ ಆಗುತ್ತೆ ಕಣೇ," ಎಂದಳು.

ಎಷ್ಟು ಮನೆಗಳಲ್ಲಿ ಎಷ್ಟು ಜನರ ಭಯ ಕಳೆದವಳು ಇವಳು!

ಎರಡನೆಯ ಸಲ ನರ್ಸಿನ ಕೈಕಾಲು ಹಿಡಿದು ಅವಳು ಮಲಗುವ ಕೋಣೆಯ ಗಾಜಿನ ಹೊರಗೆ ಒಂದು ಸ್ಟೂಲು ಗಿಟ್ಟಿಸಿಕೊಂಡೆ. ಅವಳು ಒಳಗೆ, ನಾನು ಹೊರಗೆ, ಇಬ್ಬರೂ ಬಾಯಿಗೆ ಬೀಗ. ಮೊದಮೊದಲು ಅವಳು ಕಣ್ಣು ಹೊರಳಿಸಿದಳು, ನಾನು ಕೆನ್ನೆ ಉಬ್ಬಿಸಿದೆ. ಆಮೇಲೆ, ಬಿಳಿ ಹೊದಿಕೆಯ ಕೆಳಗೆ ಅವಳು ಮಲಗಿದ್ದನ್ನು ನೋಡುತ್ತ ನೋಡುತ್ತ ನನಗೆ ತಡೆಯಲಾಗಲಿಲ್ಲ. ಸದ್ದಿಲ್ಲದೆ ಗಳಗಳ ಅತ್ತುಬಿಟ್ಟೆ.

ಈ ಸಲದ ಚಿತ್ರದಲ್ಲಿ ಗಂಟಲೆಲ್ಲ ಕತ್ತಲು. ಬಲಗಡೆಯ ಟಾನ್ಸಿಲ್‌ನಲ್ಲಿ ಮಾತ್ರ ಹೆಸರುಕಾಳಿನಷ್ಟು ಬೆಳಕು.

"ಸಿಕ್ತು ಅಜ್ಜಿ! ಇದನ್ನೂ ಕುತ್ತಿಗೆ ಗಂಟನ್ನೂ ತೆಗೆದುಬಿಡೋಣ. ದನಿಗೇನೂ ಆಗಲ್ಲ," ಎಂದರು ಡಾಕ್ಟರು.

ಬೋತಾನ್ ಡಾಕ್ಟರಿಗೆ ಕೈಮುಗಿದು ನನ್ನ ಕಡೆ ತಿರುಗಿದಳು.

"ಒಳಗೆ ಹೆದರೋಕೆ ಪುರುಸೊತ್ತೇ ಸಿಗಲಿಲ್ಲ ಕಣೇ. ಈ ಮುದುಕಿ ಈಗ್ಲೇ ಹಿಂಗೆ ಅಳ್ತಾಳಲ್ಲ, ನಾನು ಹೋದ್ರೆ ಇವಳ ಪಕ್ಕ ಯಾರು ಕೂರ್ತಾರೆ ಅಂತ ಅದೇ ಯೋಚ್ನೆ."