ದೊಡ್ಡಮ್ಮ ಬಚ್ಚಿಟ್ಟ ಐದನೇ ಭಾಗ

ನಮ್ಮ ದೊಡ್ಡಮ್ಮನ ಲಾಡ್ಜಿನಲ್ಲಿ ಇಡೀ ಪುಸ್ತಕ ಯಾರಿಗೂ ಸಿಗುತ್ತಿರಲಿಲ್ಲ. ದಪ್ಪನೆಯ ಕಾದಂಬರಿ ಕೈಗೆ ಸಿಕ್ಕರೆ ಅದು ಮೊದಲು ಹೋಗುತ್ತಿದ್ದುದು ಬೈಂಡಿಂಗ್ ಅಂಗಡಿಗೆ. ಅಲ್ಲಿ ಅದನ್ನು ನಾಲ್ಕೋ ಐದೋ ಭಾಗ ಮಾಡಿಸಿ, ಒಂದೊಂದಕ್ಕೂ ಬೇರೆ ರಟ್ಟು ಹಾಕಿಸಿ, ಬೆನ್ನಿಗೆ ಬಟ್ಟೆ ಅಂಟಿಸಿ ತರುತ್ತಿದ್ದಳು. ಮೊದಲ ಭಾಗ ರೂಮಿನಲ್ಲಿ ದಿಂಬಿನ ಪಕ್ಕ ಇರುತ್ತಿತ್ತು. ಅದನ್ನು ಓದಿ ಮುಗಿಸಿದವರು ತಾವೇ ಮೆಟ್ಟಿಲಿಳಿದು ಬಂದು, ಕೌಂಟರಿನಲ್ಲಿ ದೊಡ್ಡಮ್ಮನಿಗೆ ಮುಖ ತೋರಿಸಿ, ಎರಡನೇ ಭಾಗ ತೆಗೆದುಕೊಂಡು ಹೋಗಬೇಕು. ಬೇರೆಯವರ ಕೈಯಲ್ಲಿ ಹೇಳಿ ಕಳಿಸಿದರೆ ಕೊಡುತ್ತಿರಲಿಲ್ಲ. ವಾರಪತ್ರಿಕೆಗಳಿಗೂ ಅದೇ ಕಾನೂನು. ಧಾರಾವಾಹಿಯ ಈ ವಾರದ ಕಂತು ರೂಮಿನಲ್ಲಿ, ಮುಂದಿನ ವಾರದ್ದು ಕೌಂಟರಿನ ಡ್ರಾಯರಿನಲ್ಲಿ.

ಒಬ್ಬ ಮೇಷ್ಟರು ಒಮ್ಮೆ ಇದನ್ನು ನೋಡಿ, ಪುಸ್ತಕಕ್ಕೆ ಕತ್ತರಿ ಹಾಕುವ ಕೈ ಕಟುಕನ ಕೈ ಎಂದು ಬೈದು ಹೋದರು. ಔಷಧಿ ಕಂಪನಿಯ ಒಬ್ಬರು ನಾಲ್ಕನೇ ಭಾಗಕ್ಕಾಗಿ ಬಸ್ಸು ತಪ್ಪಿಸಿಕೊಂಡು ಹಲ್ಲು ಕಡಿದರು. ಕೇಳಿದವರಿಗೆಲ್ಲ ದೊಡ್ಡಪ್ಪ ಹೇಳುತ್ತಿದ್ದುದು ಒಂದೇ ಮಾತು: ಒಂದು ಪುಸ್ತಕಕ್ಕೆ ಐದು ಜನ ಓದುಗರು, ಇದು ಉಳಿತಾಯ. ನಾನೂ ಅದನ್ನೇ ನಂಬಿದ್ದೆ. ಅಮ್ಮ ಹೋದ ಮೇಲೆ ದೊಡ್ಡಮ್ಮನ ಮಡಿಲು ಸೇರಿದವಳು ನಾನು. ರೂಮಿನ ಬೆಡ್‌ಶೀಟು ಒಗೆಯುವುದು, ನೀರು ತುಂಬಿಡುವುದು ನನ್ನ ಕೆಲಸ. ನನ್ನ ಬಾಯಿ ಮೊದಲಿನಿಂದಲೂ ಸ್ವಲ್ಪ ಜೋರು. ಜಿಪುಣತನಕ್ಕೂ ಒಂದು ಮಿತಿ ಬೇಡವೇ ಎಂದು ಅವಳನ್ನು ದಿನಾ ಗೇಲಿ ಮಾಡುತ್ತಿದ್ದೆ. ಅವಳು ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ.

ನಿಜವಾದ ಕಾರಣ ಮಹಡಿಯ ಮೂಲೆ ರೂಮಿನದು. ನಾನು ಬರುವ ಮುಂಚೆ ಅಲ್ಲಿ ಒಬ್ಬರು ಬಂದು ಇಳಿದಿದ್ದರಂತೆ. ತಮ್ಮ ಪಾಡಿಗೆ ತಾವಿರುವ ಮನುಷ್ಯ. ಓದಲು ಏನಾದರೂ ಇದೆಯೇ ಎಂದು ಕೇಳಿದಾಗ ದೊಡ್ಡಮ್ಮನೇ ಒಂದು ದಪ್ಪ ಕಾದಂಬರಿ ಕೊಟ್ಟಳು. ಆಗೆಲ್ಲ ಪುಸ್ತಕಗಳು ಇಡಿಯಾಗಿಯೇ ಇರುತ್ತಿದ್ದವು. ಅವರು ರೂಮು ಬಿಟ್ಟು ಕದಲದೆ ಓದಿದರು. ಆಮೇಲೆ ಒಂದು ಬೆಳಗ್ಗೆ ಬಾಗಿಲು ತೆರೆಯಲಿಲ್ಲ. ಒಡೆದು ನೋಡಿದರೆ ತಮ್ಮ ಜೀವ ತಾವೇ ತೆಗೆದುಕೊಂಡಿದ್ದರು. ಮೇಜಿನ ಮೇಲೆ ಪುಸ್ತಕವನ್ನು ನೀಟಾಗಿ ಮುಚ್ಚಿ, ಅದರ ಮೇಲೆ ಕನ್ನಡಕ ಮಡಚಿ ಇಟ್ಟಿದ್ದರಂತೆ. ಪೊಲೀಸರು ಬಂದರು, ಬರೆದುಕೊಂಡರು, ಹೋದರು. ಸಂಬಂಧಿಕರು ಅತ್ತು ಸಾಮಾನು ಒಯ್ದರು. ದೊಡ್ಡಪ್ಪ ರೂಮಿಗೆ ಬಣ್ಣ ಬಳಿಸಿ ಬಾಗಿಲಿನ ನಂಬರು ಬದಲಾಯಿಸಿದರು. ಊರು ಮರೆಯಿತು. ದೊಡ್ಡಮ್ಮ ಮರೆಯಲಿಲ್ಲ.

ನನಗೆ ಬುದ್ಧಿ ಬಂತು ಎಂದು ದೊಡ್ಡಮ್ಮನಿಗೆ ಅನ್ನಿಸಿದ ಮೇಲೆ ಒಂದು ದಿನ ಅವಳೇ ಇದನ್ನು ಹೇಳಿದಳು. ಪುಸ್ತಕಕ್ಕೂ ಸಾವಿಗೂ ಏನು ಸಂಬಂಧ, ಸುಮ್ಮನೆ ತಲೆ ಕೆಡಿಸಿಕೊಂಡಿದ್ದೀಯ ಎಂದೆ.

"ಪುಸ್ತಕ ಮುಗಿಯೋ ತನಕ ಇದ್ದರು ಕಣೆ," ಎಂದಳು. "ಮುಗಿಯದೇ ಇದ್ದಿದ್ರೆ ಬೆಳಗಾಗ್ತಿತ್ತು. ಬೆಳಗಾದ ಮೇಲೆ ಮನುಷ್ಯನ ಮನಸ್ಸು ಯಾವ ಕಡೆ ತಿರುಗುತ್ತೋ ಯಾರು ಕಂಡಿದಾರೆ?"

ಅವತ್ತಿನಿಂದ ಅವಳನ್ನು ಜಿಪುಣಿ ಎನ್ನುವುದು ಬಿಟ್ಟೆ.

ಆ ಸಾವಿನ ದಿನದಿಂದ ಅವಳ ಬಾಳೆಲ್ಲ ಮೆಟ್ಟಿಲಿಗೆ ಕಿವಿ ಕೊಟ್ಟು ಕೂತದ್ದೇ ಆಯಿತು. ಯಾರಾದರೂ ಒಂಟಿಯಾಗಿ ಬಂದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಮೊದಲ ಭಾಗ ಹೋಗಿ ಎರಡನೆಯದನ್ನು ಕೇಳಲು ಯಾರೂ ಇಳಿಯದಿದ್ದರೆ ಎದ್ದು ಹೋಗಿ ಮೆಟ್ಟಿಲ ಬುಡದಲ್ಲಿ ನಿಲ್ಲುತ್ತಿದ್ದಳು. ಹೊಸದಾಗಿ ಮದುವೆಯಾದ ಜೋಡಿಯೊಂದು ಎರಡು ದಿನವಾದರೂ ಎರಡನೇ ಭಾಗ ಕೇಳಲಿಲ್ಲವೆಂದು ಹಾಡುಹಗಲೇ ಹೋಗಿ ಬಾಗಿಲು ದಬದಬ ಬಡಿದು, ಹುಡುಗ ಅರ್ಧ ಅಂಗಿ ಹಾಕಿಕೊಂಡು ಗಾಬರಿಯಿಂದ ಹೊರಬಂದಾಗ, "ಪುಸ್ತಕ ಓದ್ತಿಲ್ವಾ?" ಎಂದು ಕೇಳಿದ್ದಳು. ನಾವು ವರ್ಷಗಟ್ಟಲೆ ಹೇಳಿಕೊಂಡು ನಕ್ಕೆವು. ಅವಳೂ ನಗುತ್ತಿದ್ದಳು, ಆದರೆ ಮುಂದಿನ ಸಲವೂ ಹೋಗಿ ಬಡಿಯುತ್ತಿದ್ದಳು.

ಹೀಗಿರುವಾಗ ಒಂದು ಮೋಡ ಕವಿದ ಮಧ್ಯಾಹ್ನ ಅವರು ಬಂದರು. ಹೆಸರು ನಾನು ಹೇಳುವುದಿಲ್ಲ. ನಮ್ಮಲ್ಲಿ ಅವರು ಕೊಡೆಯವರು ಎಂದೇ. ಚೀಲ ಇರಲಿಲ್ಲ, ಕೈಯಲ್ಲಿ ಒಂದು ಒಳ್ಳೆಯ ಕೊಡೆ ಮಾತ್ರ. ಗಲಾಟೆ ಇಲ್ಲದ ರೂಮು ಬೇಕೆಂದರು. ಖಾಲಿ ಇದ್ದದ್ದು ಮೂಲೆ ರೂಮು ಒಂದೇ. ಎಷ್ಟು ದಿನ ಇರುತ್ತೀರಿ ಎಂದು ಕೇಳಿದ್ದಕ್ಕೆ, ಗೊತ್ತಿಲ್ಲ ಎಂದರು. ನಾನು ಬೀಗದ ಕೈ ಕೊಟ್ಟು ಮರೆತೆ.

ಸ್ವಲ್ಪ ಹೊತ್ತಿಗೆ ಎದುರಿನ ಟೀ ಅಂಗಡಿಯವನು ಹಲ್ಲು ಕಿರಿಯುತ್ತಾ ಬಂದ. ಕೈಯಲ್ಲಿ ಅದೇ ಕೊಡೆ. ನಿಮ್ಮ ಗಿರಾಕಿ ಟೀ ಕುಡಿದು, ಇದನ್ನು ನೀವೇ ಇಟ್ಟುಕೊಳ್ಳಿ, ಇನ್ನು ನನಗೆ ಬೇಕಾಗುವುದಿಲ್ಲ ಎಂದು ಕೊಟ್ಟು ಹೋದರು ಎಂದ. ಅವನಿಗೆ ಅದೃಷ್ಟ ಖುಲಾಯಿಸಿದ ಸಂತೋಷ. ಹೊರಗೆ ಆಗಲೇ ಗುಡುಗು ಶುರುವಾಗಿತ್ತು. ದೊಡ್ಡಮ್ಮ ಕುರ್ಚಿಯ ಕೈ ಹಿಡಿದುಕೊಂಡು ಕೂತಳು. ಅವಳ ಮುಖ ನೋಡಿ ನನಗೂ ಅರ್ಥವಾಯಿತು. ಮಳೆಗಾಲದ ಬಾಗಿಲಲ್ಲಿ ನಿಂತು ಕೊಡೆ ಬೇಡ ಅನ್ನುವವನು ಎಂಥವನು?

ದೊಡ್ಡಪ್ಪ ಮಾತ್ರ, ಕೊಡೆ ಕೊಟ್ಟವರನ್ನೆಲ್ಲ ಪೊಲೀಸಿಗೆ ಹಿಡಿದುಕೊಡಲು ಆಗುತ್ತದೆಯೇ ಎಂದು ಗದರಿದರು. ಹಾಗಾದರೆ ನೇರವಾಗಿ ಕೇಳಿಯೇ ಬಿಡು ಎಂದು ನಾನು ಹೇಳಿದೆ. ದೊಡ್ಡಮ್ಮನಿಗೆ ಅದಕ್ಕೂ ಹೆದರಿಕೆ. ಅವರ ಮನಸ್ಸಿನಲ್ಲಿ ಇಲ್ಲದ್ದನ್ನು ನಾವೇ ಬಿತ್ತಿದ ಹಾಗಾದರೆ? ಕೊನೆಗೆ ಅವಳು ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದಳು. ಐದು ಭಾಗದ ಕಾದಂಬರಿಯ ಮೊದಲ ಭಾಗ ಹಿಡಿದು ತಾನೇ ಮೇಲೆ ಹೋದಳು. ಅಣ್ಣತಮ್ಮಂದಿರ ಜಗಳ, ಕಾಣೆಯಾದ ಹೆಂಗಸು, ಪುಟ ಪುಟಕ್ಕೂ ಏನಾಯಿತೋ ಎನ್ನಿಸುವ ಕಥೆ. ಓದುವ ಅಭ್ಯಾಸ ಇಲ್ಲ ಎಂದರಂತೆ. ಸುಮ್ಮನೆ ಇಟ್ಟಿರಿ ಎಂದು ಮೇಜಿನ ಮೇಲಿಟ್ಟು ಬಂದಳು.

ಆಮೇಲೆ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ನೀರಿದೆಯಾ ನೋಡು, ಬಲ್ಬು ಉರಿಯುತ್ತಾ ನೋಡು, ಹೊದಿಕೆ ಸಾಲುತ್ತಾ ಕೇಳು ಎಂದು ಏನಾದರೂ ನೆಪ ಮಾಡಿ ನನ್ನನ್ನು ಮೇಲೆ ಅಟ್ಟುತ್ತಿದ್ದಳು. ಪ್ರತಿ ಸಲವೂ ಮೂಲೆ ರೂಮಿನ ಮುಂದೆ ನಿಂತು ಮೊದಲು ಒಳಗಿನ ಸದ್ದಿಗೆ ಕಿವಿಗೊಟ್ಟು, ಆಮೇಲೆ ಬಾಗಿಲು ತಟ್ಟುತ್ತಿದ್ದೆ. ಅವರು ಬಾಗಿಲು ತೆಗೆದು ಬೇಸರದಿಂದ ಎಲ್ಲ ಸರಿಯಿದೆ ಎನ್ನುತ್ತಿದ್ದರು. ಮೇಜಿನ ಮೇಲೆ ಪುಸ್ತಕ ಇಟ್ಟಲ್ಲೇ ಇತ್ತು. ಮಾರನೇ ದಿನ ನೋಡಿದರೆ ಅದು ಹಾಸಿಗೆಯ ಮೇಲೆ ಬೋರಲಾಗಿ ಮಲಗಿತ್ತು. ಇಳಿದು ಬಂದು ಹೇಳಿದೆ. ದೊಡ್ಡಮ್ಮ ಅವತ್ತು ಊಟ ಮಾಡಿದಳು.

ಆಮೇಲೆ ಅವರು ಕೆಳಗೆ ಬಂದರು. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಗಿತ್ತು. ಮೊದಲ ಭಾಗ ಕೌಂಟರಿನಲ್ಲಿಟ್ಟು ಎರಡನೆಯದು ಕೇಳಿದರು. ಹೋದ ಜೀವ ಬಂದಂತಾಯಿತು ನಮಗೆ. ಹೀಗೆಯೇ ಮೂರನೆಯದು, ನಾಲ್ಕನೆಯದು. ನಾನು ಧೈರ್ಯ ತಂದುಕೊಂಡೆ. ದೊಡ್ಡಮ್ಮ ಮಾತ್ರ ದಿನದಿಂದ ದಿನಕ್ಕೆ ಕುಗ್ಗಿದಳು. ನಾಲ್ಕು ಮುಗಿದರೆ ಐದು, ಐದು ಮುಗಿದರೆ? ಅವಳ ತಲೆಯಲ್ಲಿ ಮುಚ್ಚಿದ ಪುಸ್ತಕ, ಅದರ ಮೇಲಿನ ಕನ್ನಡಕ.

ಅವರು ಐದನೇ ಭಾಗ ಕೇಳಲು ಬಂದಾಗ ನಾನು ಡ್ರಾಯರು ಎಳೆದೆ. ಖಾಲಿ.

"ಅದು ಇಲ್ಲ," ಎಂದಳು ದೊಡ್ಡಮ್ಮ. "ಹಿಂದೆ ಬಂದಿದ್ದ ಯಾರೋ ತಗೊಂಡು ಹೋಗಿಬಿಟ್ಟಿದಾರೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಹೇಳುತ್ತಲೇ ಅವಳ ಕಣ್ಣು ಒಳಗಿನ ಬೀರುವಿನ ಕಡೆಗೂ, ಕೈ ಸೊಂಟದಲ್ಲಿದ್ದ ಅದರ ಬೀಗದ ಕೈಗೂ ಹೋಯಿತು. ಅವರು ಬಹಳ ಹೊತ್ತು ಅವಳ ಮುಖವನ್ನೇ ನೋಡಿದರು. ಕೊನೆಗೆ ಆ ಕಾಣೆಯಾದ ಹೆಂಗಸು ಸಿಕ್ಕಳಾ ಎಂದು ಕೇಳಿದರು. ನಾನೂ ಕೊನೆ ಓದಿಲ್ಲ ಎಂದಳು ದೊಡ್ಡಮ್ಮ. ಅವರು ಮೆಟ್ಟಿಲು ಹತ್ತಿದರು. ಮೇಲೆ ಚಿಲಕ ಹಾಕಿಕೊಂಡ ಸದ್ದು ಕೇಳಿಸಿತು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇದ್ದ ಒಂದು ಎಳೆಯನ್ನೂ ನೀನೇ ಕಡಿದೆ, ಈಗ ಅವರು ಯಾವುದಕ್ಕೋಸ್ಕರ ಇಳಿದು ಬರಬೇಕು ಎಂದು ಬಾಯಿಗೆ ಬಂದದ್ದು ಅಂದೆ. ಮಧ್ಯಾಹ್ನದ ಊಟಕ್ಕೆ ಅವರು ಬರಲಿಲ್ಲ. ಮಳೆ ಹಿಡಿಯಿತು. ಸಂಜೆಯ ಟೀ ಹೊತ್ತಾದರೂ ಮೇಲೆ ಹೆಜ್ಜೆಯ ಸದ್ದಿಲ್ಲ. ದೊಡ್ಡಮ್ಮನಿಗೆ ಮೇಲೆ ಹೋಗುವ ಧೈರ್ಯ ಬರಲಿಲ್ಲ, ನಾನೇ ಹೋದೆ. ಬಾಗಿಲು ತಟ್ಟಿದೆ. ಉತ್ತರ ಇಲ್ಲ. ಇನ್ನೊಮ್ಮೆ ತಟ್ಟಿದೆ. ಹಿಂದೆ ಆ ಬಾಗಿಲನ್ನು ಒಡೆದ ಜಾಗದಲ್ಲಿ ಹೊಸ ಹಲಗೆ ಹೊಡೆದಿದ್ದರು, ಬಣ್ಣದ ಕೆಳಗೂ ಅದು ಕಾಣುತ್ತಿತ್ತು. ನಾನು ಅದನ್ನೇ ನೋಡುತ್ತಾ ನಿಂತಿದ್ದೆ.

ಒಳಗೆ ಏನೋ ಸರಿದ ಸದ್ದಾಯಿತು. ಬಾಗಿಲು ತೆರೆಯಿತು. ಅವರು ಮುಖ ತೊಳೆದಿದ್ದರು, ಗಡ್ಡ ಬೋಳಿಸಿದ್ದರು.

"ನನ್ನ ಕೊಡೆ ಎದುರಿನ ಅಂಗಡಿಯವರ ಹತ್ರ ಇದೆ," ಎಂದರು. "ವಾಪಸ್ ಕೇಳಿದ್ರೆ ತಪ್ಪಾಗುತ್ತಾ?"

ನಾನು ಮೆಟ್ಟಿಲನ್ನು ಹೇಗೆ ಇಳಿದೆನೋ ನೆನಪಿಲ್ಲ. ದೊಡ್ಡಮ್ಮ ಮಳೆಯಲ್ಲೇ ರಸ್ತೆ ದಾಟಿದಳು. ಕೊಟ್ಟದ್ದನ್ನು ಕಿತ್ತುಕೊಳ್ಳುವುದು ಯಾವ ನ್ಯಾಯ ಎಂದು ಟೀ ಅಂಗಡಿಯವನು ಮುಖ ಹುಳ್ಳಗೆ ಮಾಡಿಕೊಂಡ. ಅವಳು ದೊಡ್ಡಪ್ಪನ ಕೊಡೆಯನ್ನು ಅವನಿಗೆ ಕೊಟ್ಟು ಇದನ್ನು ಬಿಡಿಸಿ ತಂದಳು. ಆ ಮಳೆಗಾಲವೆಲ್ಲ ದೊಡ್ಡಪ್ಪ ನೆನೆದುಕೊಂಡೇ ಓಡಾಡಿದರು.

ಕೊಡೆಯವರು ಮರುದಿನ ಹೊರಟರು. ಐದನೇ ಭಾಗ ಒಯ್ದವರು ತಂದುಕೊಟ್ಟರೆ ಇಟ್ಟಿರಿ, ಬಂದು ಓದುತ್ತೇನೆ ಎಂದು ದೊಡ್ಡಮ್ಮನಿಗೆ ಹೇಳಿದರು. ಮರುವರ್ಷ ಮಳೆ ಶುರುವಾಗುವ ಹೊತ್ತಿಗೆ ಬಂದರು. ಸಿಕ್ಕಿತಾ ಎಂದು ಕೇಳಿದರು, ಇನ್ನೂ ಇಲ್ಲ ಎಂದಳು. ಬೇರೆ ಪುಸ್ತಕ ಕೊಡಲು ಹೋದರೆ, ಮೊದಲು ಅದು ಮುಗಿಯಲಿ ಎಂದರು. ಹೀಗೆ ಎಷ್ಟೋ ವರ್ಷ ನಡೆಯಿತು. ಅವರ ಮನೆಯ ವಿಷಯ ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ಬರುವುದು ನಾಲ್ಕು ದಿನ ತಡವಾದರೆ ಇವಳಿಗೆ ನಿದ್ದೆ ಇಲ್ಲ. ಹೆದರಿಕೆ ಮುಗಿಯಿತು ಅಂದುಕೊಂಡಿದ್ದೆ ನಾನು. ಅದು ವರ್ಷಕ್ಕೊಮ್ಮೆ ಬಂದು ಇಳಿಯುವ ಅತಿಥಿಯಾಯಿತು, ಅಷ್ಟೆ.

ಕೊನೆಗಾಲದಲ್ಲಿ ಹಾಸಿಗೆ ಹಿಡಿದ ದೊಡ್ಡಮ್ಮ ಬೀರುವಿನ ಕೀಲಿ ನನಗೆ ಕೊಟ್ಟಳು. ಕಂಬಳಿಗಳ ಕೆಳಗೆ ಬಟ್ಟೆ ಸುತ್ತಿದ ಐದನೇ ಭಾಗ. "ಕೊಡಬೇಡ," ಎಂದಳು. ಆಮೇಲೆ, "ಅವರ ಮುಖ ನೋಡಿ ನೀನೇ ತೀರ್ಮಾನ ಮಾಡು," ಎಂದಳು. ನನಗೆ ಅವಳ ಮೇಲೆ ಸಿಟ್ಟು ಬಂದದ್ದು ಅದೇ ಕೊನೆಯ ಸಲ. ಲಾಡ್ಜು ಕೊಟ್ಟಿದ್ದರೆ ಸಾಕಿತ್ತು, ಹೆದರಿಕೆಯನ್ನೂ ಕೊಟ್ಟು ಹೋದಳು.

ಆ ವರ್ಷ ಕೊಡೆಯವರು ಬಂದಾಗ ಕೌಂಟರಿನಲ್ಲಿ ನಾನಿದ್ದೆ. ಅವರಿಗೆ ತಲೆಯೆಲ್ಲ ನೆರೆತಿತ್ತು. ದೊಡ್ಡಮ್ಮ ತೀರಿಕೊಂಡ ವಿಷಯ ಹೇಳಿದೆ. ಬೆಂಚಿನ ಮೇಲೆ ಕೂತರು. ಆಮೇಲೆ, ಐದನೇ ಭಾಗ ಇನ್ನೂ ಬೀರುವಿನಲ್ಲೇ ಇದೆಯಾ ಎಂದು ಕೇಳಿದರು. ಅವರ ಮುಖ ನೋಡಿದೆ. ನನಗೇನೂ ತಿಳಿಯಲಿಲ್ಲ. ದೊಡ್ಡಮ್ಮನಿಗೂ ಯಾವತ್ತೂ ತಿಳಿದಿರಲಿಲ್ಲವೆಂದು ಆಗ ಹೊಳೆಯಿತು. ಎದ್ದು ಹೋಗಿ ತಂದುಕೊಟ್ಟೆ.

ಅವರು ಕೊಡೆಯನ್ನು ಕೌಂಟರಿನ ಮೊಳೆಗೆ ನೇತುಹಾಕಿದರು. "ಇದು ಇಲ್ಲೇ ಇರಲಿ. ಇಳಿದು ಬಂದು ತಗೋತೀನಿ," ಎಂದು ಮೂಲೆ ರೂಮಿಗೆ ಹೋದರು.

ಆ ಕೊಡೆಯ ಮೇಲಿಂದ ಕಣ್ಣು ತೆಗೆಯಲು ನನಗಾಗಲಿಲ್ಲ. ಅದರ ತುದಿಯಿಂದ ನೀರು ತೊಟ್ಟಿಕ್ಕಿ, ನೆಲದಲ್ಲಿ ಹರಡಿ, ಒಣಗಿಯೂ ಹೋಯಿತು. ಬಂದ ಗಿರಾಕಿಗಳಿಗೆ ತಪ್ಪು ಕೀಲಿ ಕೊಟ್ಟೆ. ಹೊದಿಕೆ ಕೇಳುವ ನೆಪದಲ್ಲಿ ಅರ್ಧ ಮೆಟ್ಟಿಲು ಹತ್ತಿ ವಾಪಸಾದೆ. ಇಷ್ಟು ವರ್ಷ ದೊಡ್ಡಮ್ಮ ಕೂತ ಜಾಗದಲ್ಲಿ ಎಷ್ಟು ಭಯ ಇತ್ತು ಎಂದು ನನಗೆ ಅವತ್ತೇ ಗೊತ್ತಾದದ್ದು.

ಕೊನೆಗೆ ಮೇಲೆ ಚಿಲಕದ ಸದ್ದು, ಆಮೇಲೆ ಹೆಜ್ಜೆಯ ಸದ್ದು. ಪುಸ್ತಕವನ್ನು ನನ್ನ ಮುಂದಿಟ್ಟರು. ಹೆಂಗಸು ಸಿಕ್ಕಳೇ ಎಂದು ಕೇಳಿದೆ. ಸಿಕ್ಕಳು, ಆದರೆ ಕೊನೆ ಏನೂ ಚೆನ್ನಾಗಿಲ್ಲ, ಬೆಟ್ಟ ಅಗೆದು ಇಲಿ ಹಿಡಿದ ಹಾಗಿದೆ ಎಂದು ನಕ್ಕರು. ಕೊಡೆಗೆ ಕೈ ಹಾಕಿದವರು ಅಲ್ಲೇ ನಿಂತರು.

"ಅವತ್ತು ನಿಮ್ಮ ದೊಡ್ಡಮ್ಮ ಸುಳ್ಳು ಹೇಳ್ತಿದಾರೆ ಅಂತ ನೋಡ್ತಿದ್ದ ಹಾಗೇ ಗೊತ್ತಾಯ್ತು," ಎಂದರು. "ನನಗೋಸ್ಕರ ಅಷ್ಟು ಹೆದರಿದ ಮುಖ ನಾನು ಅದುವರೆಗೆ ನೋಡಿರಲಿಲ್ಲಮ್ಮ. ಮೇಲೆ ಹೋಗಿ ಅದನ್ನೇ ಯೋಚನೆ ಮಾಡ್ತಾ ಕೂತಿದ್ದೆ."

ಅಷ್ಟು ಹೇಳಿ ಬಸ್ಸಿಗೆ ಹೊರಟರು. ನಾನು ಅಳುತ್ತಾ ಕೂತೆ. ಆಮೇಲೆ ಥಟ್ಟನೆ ಹೊಳೆಯಿತು, ಪುಸ್ತಕ ಮುಗಿದಿದೆ. ಕೌಂಟರಿನ ಮೇಲೆ, ಅಂದು ಸತ್ತವರ ಹಾಗೆಯೇ, ಮುಚ್ಚಿಟ್ಟು ಹೋಗಿದ್ದಾರೆ. ಡ್ರಾಯರಿನಲ್ಲಿ ಕೈಗೆ ಸಿಕ್ಕ ಇನ್ನೊಂದು ಕಾದಂಬರಿಯ ಮೊದಲ ಭಾಗ ಎತ್ತಿಕೊಂಡು ಓಡಿದೆ. ಲಾಡ್ಜಿನ ಪುಸ್ತಕ ಹೊಸ್ತಿಲು ದಾಟಬಾರದು ಎಂಬುದು ದೊಡ್ಡಮ್ಮನ ಕಾಲದಿಂದ ಬಂದ ಕಾನೂನು. ಹೊರಟ ಬಸ್ಸಿನ ಕಿಟಕಿಯಲ್ಲಿ ಆ ಮೊದಲ ಭಾಗ ತೂರಿಸಿ, ಎರಡನೇ ಭಾಗ ನನ್ನ ಹತ್ತಿರ ಇದೆ ಎಂದೆ. ಅವರು ಪುಸ್ತಕ ನೋಡಲಿಲ್ಲ. ನನ್ನ ಮುಖವನ್ನೇ ನೋಡಿದರು. ಆಮೇಲೆ ಅದನ್ನು ತೆಗೆದುಕೊಂಡು, ಕೊಡೆಯ ಪಕ್ಕ ಮಡಿಲಲ್ಲಿ ಇಟ್ಟುಕೊಂಡರು.